ಐಡಾಳ ಹಣೆಯ ಉಪ್ಪು

ಏವಿಸ್ ಸ್ಪ್ರೇಗ್ ಹೆತ್ತ ಮಗಳ ಹಣೆಗೂ ಮುತ್ತಿಟ್ಟವಳಲ್ಲ ಎಂಬ ಮಾತು ಬಂಕರ್ ಕೊಲ್ಲಿಯ ಹೆಂಗಸರ ಬಾಯಲ್ಲಿ ಹಳೆಯದಾಗಿತ್ತು. ಕಲ್ಲೆದೆಯವಳು ಎಂದು ಕೆಲವರು, ಆ ಮನೆತನದವರ ತುಟಿಯೇ ಬಿಗಿ ಎಂದು ಕೆಲವರು. ಕಲ್ಲೆದೆಯೇನೂ ಅಲ್ಲ. ಮಗಳು ಗ್ವೆನ್‌ಗೆ ಜ್ವರ ಬಂದರೆ ಅವಳು ಮಗ್ಗುಲು ಬಿಟ್ಟೇಳುತ್ತಿರಲಿಲ್ಲ. ಉಣ್ಣೆಯ ಕಾಲುಚೀಲವನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ ತೊಡಿಸುತ್ತಿದ್ದಳು, ಬಾಚಿ ತಬ್ಬಿಕೊಳ್ಳುತ್ತಿದ್ದಳು. ತುಟಿ ಮಾತ್ರ ಸೋಕಿಸುತ್ತಿರಲಿಲ್ಲ.

ಅಡುಗೆಗೂ ಅವಳು ಉಪ್ಪು ಮುಟ್ಟುತ್ತಿರಲಿಲ್ಲ. ಶನಿವಾರ ಎಲ್ಲರ ಮನೆಯಲ್ಲೂ ಬೇಯುವ ಬೀನ್ಸ್ ಕಾಳು ಅವಳ ಮನೆಯಲ್ಲಿ ಬರೀ ಕಾಕಂಬಿಯ ಸಿಹಿ. ಗಂಡ ಎಲ್ವಿನ್ ಒಂದು ಸಣ್ಣ ಉಪ್ಪಿನ ಡಬ್ಬಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದ. ಹೆಂಡತಿ ಬೆನ್ನು ತಿರುಗಿಸಿದಾಗ ತಟ್ಟೆಗೆ ಚಿಮುಕಿಸಿಕೊಳ್ಳುತ್ತಿದ್ದ. “ದಿನವಿಡೀ ಸಮುದ್ರದಲ್ಲಿ ಬಿದ್ದಿರೋನು, ಮನೆಗ್ ಬಂದು ಉಪ್ಪು ಕದ್ದು ತಿನ್ನೋ ಹಂಗಾಯ್ತು ನೋಡ್ರಯ್ಯ” ಎಂದು ದಕ್ಕೆಯಲ್ಲಿ ನಗಾಡುತ್ತಿದ್ದ. ಯಾಕೆ ಎಂದು ಅವಳನ್ನು ಕೇಳಿದವನಲ್ಲ. ಮೇನ್ ರಾಜ್ಯದ ಕರಾವಳಿಯ ಆ ದ್ವೀಪದಲ್ಲಿ ಗಂಡ ಹೆಂಡಿರು ಎಲ್ಲವನ್ನೂ ಕೇಳಿಕೊಳ್ಳುವ ವಾಡಿಕೆಯಿಲ್ಲ.

ಕಾರಣ ಐಡಾ. ಏವಿಸ್‌ಗೆ ಏಳು ವರ್ಷವಿದ್ದಾಗ ಹುಟ್ಟಿದ ತಂಗಿ.

ಹುಟ್ಟಿದ ಮಗುವಿಗೆ ಎಂಥ ಹಸಿವು ಅಂತೀರಿ. ಎಷ್ಟು ಹಾಲು ಕುಡಿದರೂ ಮತ್ತೆ ಬಾಯಿ ತೆರೆಯುತ್ತಿತ್ತು. ಆದರೆ ಕುಡಿದದ್ದು ಮೈಗೆ ಹತ್ತುತ್ತಿರಲಿಲ್ಲ. ತೊಟ್ಟಿಲಲ್ಲಿ ಮಲಗಿದರೆ ಹಕ್ಕಿಮರಿಯೊಂದನ್ನು ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಅಮ್ಮ ಬ್ಯೂಲಾ ರೊಟ್ಟಿಯ ಹಿಟ್ಟು ನಾದುತ್ತಿದ್ದಳು, ಅಜ್ಜಿ ಒಲೆಯ ಪಕ್ಕ ಕೂತು ಲಾಬ್‌ಸ್ಟರ್ ಹಿಡಿಯುವ ಗೂಡಿಗೆ ಬಲೆ ಹೆಣೆಯುತ್ತಿದ್ದಳು. ಮಗುವನ್ನು ಆಡಿಸುತ್ತಿದ್ದ ಏವಿಸ್ ಬಾಗಿ ಅದರ ಹಣೆಗೆ ಮುತ್ತಿಟ್ಟಳು, ನಾಲಗೆಯಿಂದ ತುಟಿ ಸವರಿಕೊಂಡಳು. ಆಮೇಲೆ ಇದೇನೋ ಹೊಸ ಆಟ ಸಿಕ್ಕಿತೆನ್ನುವ ಹಾಗೆ ಹಣೆಯನ್ನೇ ನೆಕ್ಕಿ ನೋಡಿದಳು.

“ಅಮ್ಮಾ, ಪಾಪು ಉಪ್ಪುಪ್ಪಾಗಿದೆ.”

ಅಮ್ಮನ ಕೈ ಹಿಟ್ಟಿನಲ್ಲಿ ನಿಂತಿತು. ಅಜ್ಜಿ ತಲೆಯೆತ್ತಲಿಲ್ಲ. “ಉಪ್ಪಾಗಿರೋದು ಕಡಲಿಂದು. ಕಡಲು ತನ್ನ ವಸ್ತು ಬಿಟ್ಕೊಡಲ್ಲ” ಎಂದಷ್ಟೇ ಹೇಳಿ ಹೆಣೆಯುವುದನ್ನು ಮುಂದುವರಿಸಿದಳು. ಅಮ್ಮ ಹಿಟ್ಟಿನ ಕೈಯಲ್ಲೇ ಮಗುವನ್ನೆತ್ತಿಕೊಂಡು ಮಹಡಿಗೆ ಹೋದವಳು ಸಂಜೆಯತನಕ ಇಳಿಯಲಿಲ್ಲ. ಏವಿಸ್‌ಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಚಳಿಗಾಲಕ್ಕೆ ಮಗುವಿಗೆ ಕೆಮ್ಮು ಹಿಡಿಯಿತು. ಒಣ ಎಲೆ ತುಳಿದ ಹಾಗೆ ಸಣ್ಣ ಕೆಮ್ಮು, ಬಿಡದ ಕೆಮ್ಮು. ಫೆಬ್ರವರಿಯಲ್ಲಿ ಅದು ನಿಂತಿತು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಗುದ್ದಲಿ ಇಳಿಯುವಂತಿರಲಿಲ್ಲ. ಅಪ್ಪ ತಾನೇ ಮಾಡಿದ ಸಣ್ಣ ಪೆಟ್ಟಿಗೆಯನ್ನು, ನೆಲ ಕರಗುವವರೆಗೆ ಇರಲೆಂದು, ದೋಣಿಮನೆಯ ಅಟ್ಟದ ಮೇಲೆ ಇಟ್ಟ. ಊರಿನವರೆಲ್ಲ ಚಳಿಗಾಲದ ಸಾವಿಗೆ ಹಾಗೇ ಮಾಡುತ್ತಿದ್ದರು. ಏವಿಸ್ ಶಾಲೆಗೆ ಹೋಗುವ ದಾರಿ ದೋಣಿಮನೆಯ ಮುಂದೆಯೇ. ಮಂಜು ಕವಿದ ಒಂದು ಬೆಳಿಗ್ಗೆ ಒಳಗಿನಿಂದ ಆ ಕೆಮ್ಮು ಅವಳಿಗೆ ಕೇಳಿಸಿತು.

ಅವಳು ನಿಂತಳು. ಮತ್ತೆ ಕೇಳಿಸಿತು. ಓಡಿಹೋಗಿ ಯಾರಿಗಾದರೂ ಹೇಳಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಒಮ್ಮೆ ಬಾಯಿಬಿಟ್ಟಿದ್ದಕ್ಕೇ ಹೀಗಾಯಿತಲ್ಲ. ತಾನು ಹೇಳದಿದ್ದರೆ ಕಡಲಿಗೆ ಗೊತ್ತಾಗುತ್ತಿರಲಿಲ್ಲ. ತಂಗಿ ಉಪ್ಪಾಗಿದ್ದಾಳೆಂದು ಗುಟ್ಟು ಕೊಟ್ಟವಳು ತಾನು.

ಏಪ್ರಿಲ್‌ನಲ್ಲಿ ಐಡಾಳನ್ನು ಹೂತರು. ಕೆಮ್ಮು ಮಾತ್ರ ಹೂತುಹೋಗಲಿಲ್ಲ. ಮಂಜು ದಟ್ಟವಾಗಿ ಕೊಲ್ಲಿಯಲ್ಲಿ ದೋಣಿಗಳಿಗೆ ದಾರಿ ತೋರುವ ತೇಲುಗಂಟೆಯ ಸದ್ದೂ ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ದಿನಗಳಲ್ಲಿ, ಬಟ್ಟೆ ಒಣಹಾಕುವಾಗಲೋ ಕೋಳಿಗೆ ಕಾಳು ಚೆಲ್ಲುವಾಗಲೋ, ಏವಿಸ್‌ಗೆ ಅದು ಕೇಳಿಸುತ್ತಲೇ ಬಂತು. ಎಲ್ವಿನ್‌ನನ್ನು ಮದುವೆಯಾದ ಮೇಲೂ, ಗ್ವೆನ್ ಹುಟ್ಟಿದ ಮೇಲೂ. ಗ್ವೆನ್ ಗುಂಡುಗುಂಡಾಗಿ ಬೆಳೆದಳು. ಆದರೂ ಆ ಹಣೆಯ ರುಚಿ ಏನೆಂದು ತಿಳಿಯುವ ಧೈರ್ಯ ತಾಯಿಗೆ ಬರಲಿಲ್ಲ.

ಕೊಲ್ಲಿಯ ತುದಿಯಲ್ಲಿ ಒಂದು ಪ್ರಯೋಗಶಾಲೆಯಿತ್ತು. ಚಳಿಗಾಲವಿಡೀ ಬೀಗ, ಬೇಸಿಗೆ ಬಂತೆಂದರೆ ಊರೂರಿನ ವೈದ್ಯರು, ವಿಜ್ಞಾನಿಗಳು ಹೆಂಡತಿ ಮಕ್ಕಳ ಸಮೇತ ಬಂದಿಳಿಯುತ್ತಿದ್ದರು. ಅವರಿಗೆ ಬೇಕಾದದ್ದು ಸಣ್ಣ ಜಾತಿಯ ಶಾರ್ಕ್. ಮೀನುಗಾರರು ಅದನ್ನು ಬರೀ ‘ನಾಯಿ’ ಎನ್ನುತ್ತಿದ್ದರು. ಗುಂಪುಗಟ್ಟಿ ಬಂದು ಬಲೆ ಹರಿದು, ಸಿಕ್ಕ ಮೀನನ್ನೆಲ್ಲ ಕಚ್ಚಿ ಹಾಳುಮಾಡುವ ಅದನ್ನು ಶಪಿಸದ ಬಾಯಿ ಊರಿನಲ್ಲಿರಲಿಲ್ಲ. ಅಂಥದ್ದನ್ನು ಜೋಪಾನವಾಗಿ ಜೀವಂತ ಹಿಡಿದು ತರುವ ಕೆಲಸ ಎಲ್ವಿನ್‌ನ ಪಾಲಿಗೆ ಬಂತು. “ಜನ್ಮವಿಡೀ ನಾಯಿಗೆ ಬೈದೋನು ಈಗ ನಾಯಿ ಕಾಯ್ತಾ ಇದೀನಿ” ಎಂದು ಅವನು ಗೊಣಗಿದರೂ, ದಕ್ಕೆಗೆ ಕಟ್ಟಿದ ತೇಲುಪಂಜರದಲ್ಲಿ ಅವು ಸುತ್ತುವುದನ್ನು ನಿಂತು ನೋಡುತ್ತಿದ್ದ. ಏವಿಸ್ ಅಲ್ಲೇ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದಳು. ಗ್ವೆನ್‌ಗೆ ಮದುವೆಯಾಗಿ, ಅಳಿಯ ಕಾಗದದ ಗಿರಣಿಗೆ ಹೋಗುತ್ತಿದ್ದ ಕಾಲ ಅದು. ಮನೆಯಲ್ಲಿ ಕೈಗೆ ಕೆಲಸವಿರಲಿಲ್ಲ.

ಹಲವು ಬೇಸಿಗೆ ತೊಳೆದಳು. ಯಾವ ಕೋಣೆಯಲ್ಲಿ ಏನು ನಡೆಯುತ್ತದೆಂದು ಕೇಳಲು ಹೋಗಲಿಲ್ಲ. ಜರ್ಮನಿಯಿಂದ ಪ್ರತಿ ವರ್ಷ ಬರುತ್ತಿದ್ದ ರೋಸ್ವಿತಾ ಎಂಬ ವಿಜ್ಞಾನಿಯೊಬ್ಬಳು ಮಾತ್ರ ಅವಳಿಗೆ ಹೊಂದಿಕೊಂಡಿದ್ದಳು. ಉದ್ದ ಕೈಕಾಲಿನ, ನಗು ಕಡಿಮೆಯ ಹೆಂಗಸು; ಏವಿಸ್ ಕೊಟ್ಟ ಬ್ಲೂಬೆರಿ ಕಡುಬನ್ನು ನಿಂತಲ್ಲೇ ತಿಂದು ಮುಗಿಸುವಳು.

ಗ್ವೆನ್ ಬಸುರಿಯಾಗಿದ್ದ ವರ್ಷದ ಜುಲೈ. ತೊಳೆದ ಸೀಸೆಗಳ ತಟ್ಟೆ ಹಿಡಿದು ಏವಿಸ್ ರೋಸ್ವಿತಾಳ ಕೋಣೆಗೆ ಹೋದಾಗ ಮೇಜಿನ ಮೇಲೊಂದು ಗಾಜಿನ ಬಟ್ಟಲು ಕಂಡಿತು. ಅದರಲ್ಲಿ ಕಿರುಬೆರಳಿನಷ್ಟು ಉದ್ದದ, ಕಂದು ಕೆಂಪಿನ ಒಂದು ಮಾಂಸದ ತುಣುಕು. ಒಂದು ಕಡೆಯಿಂದ ಕೂದಲಿನಂಥ ಕೊಳವೆ ಒಳಗೆ ಹೋಗಿತ್ತು. ಇನ್ನೊಂದು ತುದಿಯ ಕೊಳವೆಯಿಂದ ತಿಳಿಯಾದ ನೀರು ತೊಟ್ಟಿಕ್ಕುತ್ತಿತ್ತು. ತೊಟ್ಟು, ಸ್ವಲ್ಪ ತಡೆದು ಇನ್ನೊಂದು ತೊಟ್ಟು.

ಇದೇನು ಎಂದು ಅವಳು ಮೊದಲ ಸಲ ಕೇಳಿದಳು. ಎಲ್ವಿನ್ ತಂದ ಶಾರ್ಕಿನದೇ, ಕರುಳಿನ ಕೊನೆಯಲ್ಲಿರುವ ಉಪ್ಪಿನ ಗ್ರಂಥಿ ಎಂದಳು ರೋಸ್ವಿತಾ. ಕಡಲಲ್ಲಿರುವ ಪ್ರಾಣಿಯ ಮೈಗೆ ಉಪ್ಪು ನುಗ್ಗುತ್ತಲೇ ಇರುತ್ತದೆ, ಹೆಚ್ಚಾದದ್ದನ್ನು ರಕ್ತದಿಂದ ಸೆಳೆದು ಹೊರಗೆ ಚೆಲ್ಲುವುದು ಇದರ ಕೆಲಸ.

“ಶಾರ್ಕ್ ಎಲ್ಲಿ?”

“ಅದು ಬೆಳಿಗ್ಗೇನೇ ಸತ್ತೋಯ್ತು.”

“ಮತ್ತೆ ಇದು ಇನ್ನೂ...”

“ಇದಕ್ಕಿನ್ನೂ ಗೊತ್ತಾಗಿಲ್ಲ” ಎಂದಳು ರೋಸ್ವಿತಾ, ಗಡಿಯಾರ ನೋಡುತ್ತ.

ಹೊರಗೆ ಮಂಜು ಕಿಟಕಿಗೆ ಒತ್ತಿಕೊಂಡಿತ್ತು. ರೋಸ್ವಿತಾ ಒಳಹರಿಯುವ ದ್ರವಕ್ಕೆ ಏನನ್ನೋ ಒಂದಿಷ್ಟು ಸೇರಿಸಿದಳು. ನೋಡುತ್ತಿದ್ದಂತೆ ತೊಟ್ಟುಗಳ ನಡುವಿನ ತಡೆ ಕಡಿಮೆಯಾಯಿತು. ದಾರ ಕಟ್ಟಿದ ಹಾಗೆ ನೀರು ಸುರಿಯತೊಡಗಿತು. ಸತ್ತ ಮೈಯಿಂದ ಕಿತ್ತ ಒಂದು ಬೆರಳು, ಇಲ್ಲದ ಮೈಗೋಸ್ಕರ ದುಡಿಯುತ್ತಿತ್ತು. ಏವಿಸ್ ತನ್ನ ಕೈ ಚಾಚಿದ್ದು ತನಗೇ ತಿಳಿಯಲಿಲ್ಲ. ತೊಟ್ಟೊಂದನ್ನು ಬೆರಳಿಗೆ ತೆಗೆದುಕೊಂಡು ನಾಲಗೆಗಿಟ್ಟಳು.

ಐವತ್ತು ವರ್ಷದ ಹಿಂದಿನ ಅಡುಗೆಮನೆ ಅಲ್ಲಿತ್ತು, ಹಿಟ್ಟಿನ ವಾಸನೆ, ಅಜ್ಜಿಯ ಬಲೆ. ಅವಳು ಮೇಜು ಹಿಡಿದುಕೊಂಡು ಕುಳಿತುಬಿಟ್ಟಳು. ರೋಸ್ವಿತಾ ಗಾಬರಿಯಾಗಿ ನೀರು ತಂದುಕೊಟ್ಟಾಗ, ಯಾರಿಗೂ ಹೇಳದಿದ್ದ ಮಾತು, ಎಲ್ವಿನ್‌ಗೂ ಹೇಳದಿದ್ದದ್ದು, ಪರದೇಶದ ಹೆಂಗಸಿನ ಮುಂದೆ ಹೊರಗೆ ಬಂತು. ನನ್ನ ತಂಗಿಯ ಹಣೆ ಹೀಗೇ ಇತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಿದೆ. ಅವಳು ಸತ್ತುಹೋದಳು.

ರೋಸ್ವಿತಾ ಗಡಿಯಾರ ಬಿಟ್ಟು ಅವಳ ಕಡೆ ತಿರುಗಿದಳು. ಮಗು ಚೆನ್ನಾಗಿ ತಿಂದೂ ಸೊರಗುತ್ತಿತ್ತೇ, ಕೆಮ್ಮುತ್ತಿತ್ತೇ ಎಂದು ಕೇಳಿದಳು. ಹೌದು ಎಂದಾಗ ಕುರ್ಚಿ ಎಳೆದುಕೊಂಡು ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದಳು. ಉಪ್ಪಿನಲ್ಲಿ ಎರಡು ಪಾಲು, ಸೋಡಿಯಂ ಮತ್ತು ಕ್ಲೋರೈಡ್. ಈ ಗ್ರಂಥಿಯ ಒಂದೊಂದು ಜೀವಕಣವೂ ಒಂದು ಕೋಣೆಯಿದ್ದ ಹಾಗೆ. ರಕ್ತದ ಕಡೆಯ ಬಾಗಿಲಿನಿಂದ ಕ್ಲೋರೈಡ್ ಒಳಗೆ ಬರುತ್ತದೆ, ಒಂಟಿಯಾಗಿ ಅಲ್ಲ, ಸೋಡಿಯಂನ ಕೈ ಹಿಡಿದುಕೊಂಡು. ಆ ಕೋಣೆ ಸೋಡಿಯಂ ಅನ್ನು ಅದು ಬಂದ ದಾರಿಗೇ ಹಿಂದಕ್ಕೆ ದಬ್ಬುತ್ತದೆ. ಕ್ಲೋರೈಡ್ ಒಳಗೆ ತುಂಬಿಕೊಂಡು ಕಾಯುತ್ತದೆ. ಎದುರು ಗೋಡೆಯಲ್ಲಿ ಅದಕ್ಕೆಂದೇ ಒಂದು ಕಿಂಡಿಯಿದೆ. ದೇಹದಿಂದ ಸುದ್ದಿ ಬಂದಾಗ ಆ ಕಿಂಡಿ ತೆರೆಯುತ್ತದೆ, ಕ್ಲೋರೈಡ್ ಹೊರಗೆ ಧುಮುಕುತ್ತದೆ. ಅದರ ಸೆಳೆತಕ್ಕೆ ಸೋಡಿಯಂ ಕೋಣೆಗಳ ಸಂದಿನಲ್ಲಿ ನುಸುಳಿ ಹಿಂಬಾಲಿಸುತ್ತದೆ, ನೀರೂ ಹೊರಡುತ್ತದೆ. ನೀವು ಈಗ ನೋಡಿದ್ದು ಕಿಂಡಿ ತೆರೆದದ್ದನ್ನು.

“ಮನುಷ್ಯರಲ್ಲೂ ಅಂಥಾ ಕಿಂಡಿ ಇದೆ. ಬೆವರಿನ ಗ್ರಂಥೀಲಿ, ಪುಪ್ಪುಸದಲ್ಲಿ, ಹೊಟ್ಟೇಲಿ. ಕೆಲವು ಮಕ್ಕಳಿಗೆ ಅದು ಹುಟ್ತಾನೇ ತೆರೆಯೋದಿಲ್ಲ. ಬೆವರಿನ ಉಪ್ಪನ್ನ ಮೈ ವಾಪಸ್ ತಗೊಳ್ಳೋಕಾಗಲ್ಲ, ಅದು ಚರ್ಮದ ಮೇಲೇ ಉಳಿಯುತ್ತೆ. ಎದೆಯೊಳಗೆ ನೀರಿಲ್ಲದೆ ಕಫ ಅಂಟಾಗುತ್ತೆ. ಈಗ ಆಸ್ಪತ್ರೇಲಿ ಬೆವರು ತೆಗೆದು ಪರೀಕ್ಷೆ ಮಾಡ್ತಾರೆ. ನಿಮ್ಮ ನಾಲಗೆ ಮಾಡಿದ್ದೂ ಅದನ್ನೇ, ಏವಿಸ್.”

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಸಮಾಧಾನ ಮಾಡುವ ಭರದಲ್ಲಿ ರೋಸ್ವಿತಾ ಇನ್ನೂ ಒಂದು ಮಾತು ಹೇಳಿದಳು. ಇದು ಯಾರ ಬಾಯಿಂದಲೂ ಬರುವುದಲ್ಲ, ರಕ್ತದಲ್ಲಿ ಬರುವುದು. ಅಪ್ಪನಿಂದ ಒಂದು ದೋಷ, ಅಮ್ಮನಿಂದ ಒಂದು ದೋಷ, ಎರಡು ಸೇರಿದರೆ ಮಾತ್ರ ರೋಗ. ಒಂದೇ ಇದ್ದವರಿಗೆ ಏನೂ ಆಗುವುದಿಲ್ಲ. ಅದು ಸುಮ್ಮನೆ ಒಳಗೆ ಮಲಗಿರುತ್ತದೆ, ಮಕ್ಕಳಿಗೂ ದಾಟುತ್ತದೆ.

ಮನೆಗೆ ನಡೆದು ಹೋಗುವಾಗ ಏವಿಸ್‌ಗೆ ಮೈ ಹಗುರಾಗಿತ್ತು. ಮೀನಿನ ಗಾಡಿಯವನಿಗೆ ತಾನಾಗಿ ಕೈಬೀಸಿದಳು. ಬಾಗಿಲು ತೆರೆದಾಗ, ನೋಡಿಹೋಗಲು ಬಂದಿದ್ದ ಗ್ವೆನ್ ಅಡುಗೆಮನೆಯಲ್ಲಿ ಕುಳಿತು, ಊದಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು, ಹೊಟ್ಟೆ ಸವರಿಕೊಳ್ಳುತ್ತಿದ್ದಳು. ಏವಿಸ್ ಅಲ್ಲೇ ನಿಂತುಬಿಟ್ಟಳು. ಇಷ್ಟು ದಿನ ಐಡಾ ಹೊರಗೆ ಮಂಜಿನಲ್ಲಿದ್ದಳು. ಈಗ ಒಳಗೆ ಬಂದಿದ್ದಳು. ತನ್ನ ಮೈಯಲ್ಲಿ ಮಲಗಿದ್ದಳು, ಮಗಳ ಮೈಗೂ ಇಳಿದಿರಬಹುದು.

ನವೆಂಬರಿನಲ್ಲಿ ಟೆಸ್ ಹುಟ್ಟಿದಳು. ಅಜ್ಜಿಯಾದ ಏವಿಸ್ ಮಗಳ ಮನೆಗೆ ಬಂದಳು, ಬಟ್ಟೆ ಒಗೆದಳು, ನೆಲ ಒರೆಸಿದಳು, ಸಾರು ಕಾಯಿಸಿದಳು. ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ತೊಟ್ಟಿಲಿರುವ ಕೋಣೆಗೆ ಗೋಡೆ ಹಿಡಿದುಕೊಂಡು ಹೋಗಿಬರುತ್ತಿದ್ದಳು. ಗ್ವೆನ್ ಮುಖ ಸಣ್ಣ ಮಾಡಿಕೊಂಡಳು. ಮಗು ಸದಾ ಹಸಿದಿರುತ್ತಿತ್ತು. ಹೊಟ್ಟೆನೋವು, ಹೋಗುತ್ತೆ ಎಂದಿದ್ದ ಊರಿನ ವೈದ್ಯ. ಏವಿಸ್ ಒಗೆಯುವ ಮಗುವಿನ ಬಟ್ಟೆಗಳಲ್ಲಿ ಮಲದ ಎಣ್ಣೆಜಿಡ್ಡು ಹೋಗುತ್ತಿರಲಿಲ್ಲ, ವಾಸನೆಯೂ. ಮಗುವಿನ ತೊಡೆಯ ಚರ್ಮ ಮಡಿಕೆ ಬೀಳುತ್ತಿದ್ದುದನ್ನು ಅವಳು ನೋಡದೆ ನೋಡುತ್ತಿದ್ದಳು.

ಕ್ರಿಸ್‌ಮಸ್ ಕಳೆದ ಒಂದು ಬೆಳಿಗ್ಗೆ ಗ್ವೆನ್ ಸೌದೆ ತರಲು ಹೊರಗೆ ಹೋದಾಗ ಮಗು ಕೆಮ್ಮಿತು. ಏವಿಸ್ ಮೊದಲು ನೋಡಿದ್ದು ಕಿಟಕಿಯಾಚೆ. ಹೊರಗೆ ಮಂಜಿರಲಿಲ್ಲ, ಹಿಮದ ಮೇಲೆ ಬಿಸಿಲು ಚುಚ್ಚುವಷ್ಟು ನಿಚ್ಚಳವಾಗಿತ್ತು. ಮತ್ತೆ ಕೆಮ್ಮಿತು. ಅವಳು ತೊಟ್ಟಿಲ ಬಳಿ ಹೋದಳು, ಮಗುವನ್ನೆತ್ತಿದಳು, ಕಣ್ಣು ಮುಚ್ಚಿಕೊಂಡು ಅದರ ಹಣೆಗೆ ನಾಲಗೆಯಿಟ್ಟಳು.

ಸೌದೆ ಹೊತ್ತು ಬಂದ ಗ್ವೆನ್ ಬಾಗಿಲಲ್ಲೇ ನಿಂತಳು. ಹೇಳಿದರೆ ಏನಾಗುತ್ತದೆಂದು ಏವಿಸ್‌ಗೆ ಗೊತ್ತಿತ್ತು. ಹಾಗಾಗುವುದಿಲ್ಲವೆಂದೂ ಗೊತ್ತಿತ್ತು. ಎರಡು ಗೊತ್ತುಗಳ ನಡುವೆ ಎಷ್ಟು ಹೊತ್ತು ನಿಂತಳೋ.

“ಮಗು ಉಪ್ಪಾಗಿದೆ, ಗ್ವೆನ್” ಎಂದಳು. ಆಮೇಲೆ ಐಡಾಳ ವಿಷಯ, ರೋಸ್ವಿತಾ ಹೇಳಿದ್ದು, ರಕ್ತದಲ್ಲಿ ದಾಟುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಗ್ವೆನ್ ಸೌದೆಯನ್ನು ಒಂದೊಂದಾಗಿ ಒಲೆಯ ಪಕ್ಕ ಜೋಡಿಸಿ ಮುಗಿಸಿದ ಮೇಲೆ ಎದ್ದು ನಿಂತಳು.

“ಹುಟ್ಟಿದಾಗಿಂದ ನನ್ನ ಹಣೆಗೆ ಒಂದು ಮುತ್ತಿಟ್ಟೋಳಲ್ಲ ನೀನು. ನನ್ನ ಮಗೂನ ಇಲ್ಲೀವರ್ಗೂ ಮುಟ್ಟಿಲ್ಲ. ಈಗ ಕಳ್ಳಿ ಹಂಗೆ ಬಂದು ಅದನ್ನ ನೆಕ್ಕಿ, ಸಾಯೋ ರೋಗ ಅಂತೀಯಾ? ಕೊಡಿಲ್ಲಿ.”

ಏವಿಸ್ ಮಗುವನ್ನು ಕೊಟ್ಟಳು. ಕೋಟು ಹಾಕಿಕೊಂಡು ದಕ್ಕೆಗೆ ನಡೆದಳು, ದೋಣಿಯ ಹಿಮ ಕೆರೆಯುತ್ತಿದ್ದ ಗಂಡನಿಗೆ ಗಾಡಿ ತೆಗೆ ಎಂದಳು. ಎಲ್ವಿನ್ ಅವಳ ಮುಖ ನೋಡಿದ. ಕೆರೆಯುವ ಸಲಿಕೆಯನ್ನು ಕೆಳಗಿಟ್ಟ. ದಾರಿಯಲ್ಲಿ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ, ಒಂದು ಸಲ ಮಾತ್ರ ಕೈ ಉಪ್ಪಿನ ಡಬ್ಬಿಯಿದ್ದ ಜೇಬಿನ ಮೇಲೆ ಹೋಗಿ ಬಂತು. ಮಗಳ ಮನೆಯ ಬಾಗಿಲಲ್ಲಿ ಬೂಟಿನ ಹಿಮವನ್ನೂ ಕೊಡವದೆ ನಿಂತು ಹೇಳಿದ:

“ನೋಡಮ್ಮ, ನಿಮ್ಮಮ್ಮ ಇಷ್ಟು ವರ್ಷದಲ್ಲಿ ನನ್ನ ಹತ್ರ ಏನೂ ಕೇಳಿದೋಳಲ್ಲ. ಇವತ್ತು ಗಾಡಿ ತೆಗಿ ಅಂದ್ಳು. ತೆಗ್ದಿದೀನಿ. ಸುಳ್ಳಾದ್ರೆ ವಾಪಸ್ ಬರ್ತಾ ದಾರಿಯುದ್ದಕ್ಕೂ ಇಬ್ಬರ್ನೂ ಬೈಯೋವಂತೆ. ಹತ್ತು.”

ಸುಳ್ಳಾಗಲಿಲ್ಲ. ಸೇತುವೆಯಾಚೆಯ ನಗರದ ಆಸ್ಪತ್ರೆಯಲ್ಲಿ ಮಗುವಿನ ಎಳೆಯ ತೋಳಿಗೆ ಔಷಧಿಯ ಪಟ್ಟಿ ಕಟ್ಟಿ ಬೆವರು ಬರಿಸಿದರು. ಕ್ಲೋರೈಡ್ ಹೆಚ್ಚಿದೆ ಎಂದರು. ಗ್ವೆನ್‌ಗೆ ಆ ಪದ ಅರ್ಥವಾಗಲಿಲ್ಲ. ಅವಳು ತಾಯಿಯ ಕಡೆ ತಿರುಗಿದಳು. ಕಿಂಡಿ ತೆರೆಯುತ್ತಿಲ್ಲ ಎಂದಳು ಏವಿಸ್. ಬೇಗ ತಂದದ್ದು ಒಳ್ಳೆಯದಾಯಿತು, ಎಷ್ಟೋ ಮಕ್ಕಳನ್ನು ಪುಪ್ಪುಸ ಕೆಟ್ಟ ಮೇಲೆ ತರುತ್ತಾರೆ ಎಂದರು ವೈದ್ಯರು. ಕುಡಿದದ್ದು ಅರಗಲೆಂದು ಹಾಲಿನ ಜೊತೆ ಕೊಡುವ ಪುಡಿ ಕೊಟ್ಟರು. ದಿನವೂ ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಅಂಗೈ ಬಟ್ಟಲಿನ ಹಾಗೆ ಮಾಡಿ, ಕಫ ಸಡಿಲವಾಗುವ ತನಕ ಬೆನ್ನು ತಟ್ಟುವುದನ್ನು ಕಲಿಸಿದರು. ಗ್ವೆನ್ ದಾರಿಯುದ್ದಕ್ಕೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ತಾಯಿ ಬಂದಾಗ ಬಾಗಿಲು ತೆರೆದಿಟ್ಟಿದ್ದಳು.

ಪುಡಿ ಮೈಗೆ ಹತ್ತಿತು. ಟೆಸ್‌ಳ ಕೆನ್ನೆ ತುಂಬಿತು. ಅದನ್ನು ಹೇಳಲೆಂದು ಏವಿಸ್ ಕೊಲ್ಲಿಯ ಮೇಲ್ತುದಿಯಲ್ಲಿ ಒಂಟಿಯಾಗಿದ್ದ ತನ್ನ ತಾಯಿ ಬ್ಯೂಲಾಳ ಮನೆಗೆ ಹೋದಳು. ಮುದುಕಿ ಎಂಬತ್ತು ದಾಟಿದ್ದಳು. ಎಲ್ಲ ಕೇಳಿದ ಮೇಲೆ ಕಂಬಳಿಯ ಅಂಚನ್ನು ಬೆರಳಲ್ಲಿ ಸುತ್ತುತ್ತ, ಹುಟ್ಟಿದ ದಿನವೇ ಗೊತ್ತಿತ್ತು ಎಂದಳು. ಏನು ಗೊತ್ತಿತ್ತು ಎಂದು ಏವಿಸ್ ಕೇಳಿದಳು.

“ಐಡಾ ಉಪ್ಪಾಗಿರೋದು. ನಿಮ್ಮಜ್ಜಿ ಮಗೂಗೆ ಸ್ನಾನ ಮಾಡ್ಸೋಕೆ ಮುಂಚೆನೇ ನಾಲಗೆಯಿಟ್ಟು ನೋಡಿದ್ಲು. ಅವಳ ಮೊದಲ್ನೇ ಕೂಸೂ ಹಂಗೇ ಹೋಗಿತ್ತಂತೆ. ನನಗೂ ಗೊತ್ತಿತ್ತು, ನಿಮ್ಮಪ್ಪಂಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳ್ದೋಳು ನೀನೊಬ್ಬಳೇ.”

ಏವಿಸ್ ಎದ್ದು ನಿಂತಳು. ನಾನು ಕೊಂದೆ ಅಂದುಕೊಂಡಿದ್ದೆ ಎಂದಳು. ಮುದುಕಿ ತಬ್ಬಿಬ್ಬಾಗಿ, ನೀನು ಕೇಳಲಿಲ್ಲವಲ್ಲ ಎಂದಳು.

ಬಿಡುಗಡೆಯಾಗಬೇಕಿತ್ತು. ಆದದ್ದು ಸಿಟ್ಟು. ಎಂಥ ಸಿಟ್ಟೆಂದರೆ ಆ ಚಳಿಗಾಲ ಮುಗಿಯುವ ತನಕ ಏವಿಸ್ ತಾಯಿಯ ಮನೆಯ ಕಡೆ ತಲೆಹಾಕಲಿಲ್ಲ. ಎಲ್ವಿನ್ ಸೌದೆ, ಹಿಟ್ಟು ಇಳಿಸಿ ಬರುತ್ತಿದ್ದ. ಮೇ ತಿಂಗಳಲ್ಲಿ ಅವನೇ, ಮುದುಕಿಗೆ ಈಚೀಚೆಗೆ ಮಾತು ಹಿಂದೆ ಮುಂದೆ ಆಗುತ್ತಿದೆ, ಹೋಗೋದಾದರೆ ಈಗಲೇ ಹೋಗು ಎಂದ. ಏವಿಸ್ ಹೋದಳು. ಕೋಟು ತೊಡಿಸಿ, ತೋಳು ಹಿಡಿದು, ತಾಯಿಯನ್ನು ಗ್ವೆನ್ ಮನೆಗೆ ಕರೆತಂದಳು.

ಬೆಳಗಿನಿಂದ ಮಂಜು. ಬ್ಯೂಲಾ ಕಿಟಕಿಯ ಬಳಿ ಕೂತಳು, ಮಗುವನ್ನು ಮುಟ್ಟಲಾರೆ ಎಂದಳು. ಏವಿಸ್ ಕೇಳದೆ ಟೆಸ್‌ಳನ್ನು ಅವಳ ತೊಡೆಯ ಮೇಲೆ ಕೂರಿಸಿದಳು. ಮುದುಕಿ ಮರದ ಬೊಂಬೆಯ ಹಾಗೆ ಕೂತಿದ್ದಳು. ಮಗು ಅವಳ ಗಲ್ಲದ ಜೋಲುಚರ್ಮವನ್ನು ಹಿಡಿದೆಳೆಯಿತು.

“ಐಡಾ ಎಷ್ಟು ಮೈ ತುಂಬ್ಕೊಂಡಿದಾಳೆ” ಎಂದಳು ಬ್ಯೂಲಾ.

ಗ್ವೆನ್ ತಾಯಿಯ ಮುಖ ನೋಡಿದಳು. ಏವಿಸ್ ತಿದ್ದಲಿಲ್ಲ. ಹೂಂ ಎಂದಳು.

ಆಗ ಮಗು ಕೆಮ್ಮಿತು. ಮುದುಕಿಯ ಕಣ್ಣಲ್ಲಿ ಹಳೆಯ ಹೆದರಿಕೆ ಎದ್ದು ಬಂತು. ಮಗುವನ್ನು ವಾಪಸ್ ಕೊಡಲು ಕೈ ಚಾಚಿದಳು. ಏವಿಸ್ ಅದನ್ನು ತೆಗೆದುಕೊಳ್ಳಲಿಲ್ಲ. ತಾಯಿಯ ಪಕ್ಕ ಮಂಡಿಯೂರಿ, ಮಗುವನ್ನು ಅವಳ ತೊಡೆಯ ಮೇಲೇ ಬೋರಲು ಮಲಗಿಸಿ, ಆ ಒಣಗಿದ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಬೆರಳು ಮಡಿಸಿದಳು. “ಹಿಂಗೆ, ಬಟ್ಟಲು ಮಾಡ್ಕೋ ಅಮ್ಮ. ಮೆತ್ತಗೆ ಬೇಡ. ಏನೂ ಆಗಲ್ಲ, ತಟ್ಟು.”

ಮುದುಕಿ ತಟ್ಟತೊಡಗಿದಳು. ಪೊಳ್ಳಾದ, ಒಂದೇ ಸಮನಾದ ಸದ್ದು ಕೋಣೆ ತುಂಬಿತು. ಅದರ ನಡುವೆ ಎಲ್ಲೋ ದೂರದಲ್ಲಿ, ದಕ್ಕೆಯ ಕಡೆ, ಒಣ ಎಲೆ ತುಳಿದ ಹಾಗೆ ಇನ್ನೊಂದು ಸಣ್ಣ ಕೆಮ್ಮು ಏವಿಸ್‌ಗೆ ಕೇಳಿಸಿತು. ಅವಳು ತಲೆಯೆತ್ತಿದಳು. ಬ್ಯೂಲಾಳೂ ಅದೇ ಕ್ಷಣಕ್ಕೆ ತಲೆಯೆತ್ತಿ ಕಿಟಕಿಯತ್ತ ನೋಡುತ್ತಿದ್ದಳು. ಮುದುಕಿಯ ಕೈ ಮಾತ್ರ ನಿಲ್ಲಲಿಲ್ಲ.